ಚೆಂಡೆ ಕೇಳಿಸುತ್ತದೆ, ವೇಷ ಕಾಣಿಸುವುದಿಲ್ಲ: ಪೆನ್‌ಡ್ರೈವಿನ ವೀಡಿಯೊ ಡಿವಿಡಿ ಪ್ಲೇಯರಿನಲ್ಲಿ ಓಡದಿದ್ದಾಗ ದೋಷ ಹುಡುಕುವ ಕ್ರಮ

ಮಳೆಗಾಲದ ಮೊದಲು ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಮನೆಗಳಲ್ಲಿ ಆಟ ನೋಡುವ ಆಸೆ ಚಾವಡಿಯ ಟಿವಿಗೆ ವರ್ಗವಾಗುತ್ತದೆ. ಹರಕೆಯ ಬಯಲಾಟ, ಮದುವೆ, ಉಪನಯನ, ತರವಾಡು ಮನೆಯ ಕೋಲ, ಯಾವುದರ ವೀಡಿಯೊ ಆದರೂ ಈಗ ಡಿಸ್ಕಿನಲ್ಲಿ ಬರುವುದು ಅಪರೂಪ. ವೀಡಿಯೊದವರು ಒಂದು ಪೆನ್‌ಡ್ರೈವ್ ಕೊಟ್ಟು ಹೋಗುತ್ತಾರೆ. ಮನೆಯ ಹಿರಿಯರ ಕೈಗೆ ಒಗ್ಗಿರುವುದು ಮಾತ್ರ ಹತ್ತು ಹನ್ನೆರಡು ವರ್ಷಗಳ ಹಿಂದೆ ತಂದ ಡಿವಿಡಿ ಪ್ಲೇಯರ್. ಅದರ ಮುಂಭಾಗದಲ್ಲಿ ಯುಎಸ್‌ಬಿ ಕಿಂಡಿ ಇದೆ, ಪೆನ್‌ಡ್ರೈವ್ ಅದರಲ್ಲಿ ಸರಿಯಾಗಿ ಕೂರುತ್ತದೆ, ಆದರೂ ಪರದೆಯ ಮೇಲೆ ಏನೂ ಬಾರದಿದ್ದಾಗ ಪ್ಲೇಯರ್ ಹಾಳಾಯಿತೆಂದು ತೀರ್ಮಾನಿಸುವುದು ಸಹಜ. ನನ್ನಲ್ಲಿಗೆ ಹೀಗೆ ಬಂದ ಪ್ಲೇಯರುಗಳಲ್ಲಿ ನಿಜವಾಗಿ ಹಾಳಾಗಿದ್ದವು ತೀರಾ ಕಡಿಮೆ. ನಾನು ಕಸುಬಿನಿಂದ ರಿಪೇರಿಯವನಲ್ಲ. ಕ್ಯಾಸೆಟ್ಟಿನ ಕಾಲದಿಂದ ಆಟ, ತಾಳಮದ್ದಳೆಗಳನ್ನು ಪ್ರತಿ ಮಾಡಿಟ್ಟುಕೊಳ್ಳುವ ಹುಚ್ಚಿನವನು. ಆ ಹುಚ್ಚಿನಲ್ಲಿ ಕಲಿತ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕಳೆದ ಆಟಿ ತಿಂಗಳಲ್ಲಿ ಆಚೆ ಗುಡ್ಡೆಯ ಮನೆಯ ಹುಡುಗ ಪ್ಲೇಯರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ಎರಡು ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ಒಂದು ವೀಡಿಯೊದವರು ಕೊಟ್ಟದ್ದು, 64 ಜಿಬಿಯದು. ಅದನ್ನು ಹಾಕಿದರೆ "ನೋ ಯುಎಸ್‌ಬಿ" ಎಂದು ಬರುತ್ತಿತ್ತು. ಇನ್ನೊಂದು 16 ಜಿಬಿಯದು, ಬೆಂಗಳೂರಿನಲ್ಲಿರುವ ಅವನ ಅಣ್ಣ ಮೊದಲನೆಯದರಲ್ಲಿದ್ದುದನ್ನು ಕಂಪ್ಯೂಟರಿನಲ್ಲಿ ಬೇರೆ ರೂಪಕ್ಕೆ ತಂದು ತುಂಬಿಸಿ ಕೊಟ್ಟದ್ದು. "ಇದರಲ್ಲಿ ಚೆಂಡೆ ಕೇಳ್ತದೆ ಮಾವ, ವೇಷ ಕಾಣುದಿಲ್ಲ" ಎಂದು ಹುಡುಗ ಹೇಳಿದ. ಅವನ ಅಜ್ಜ ಹರಕೆ ಹೇಳಿ ಆಡಿಸಿದ ಆಟವಾದ್ದರಿಂದ ಅವರಿಗೆ ಅದನ್ನು ತಮ್ಮ ಟಿವಿಯಲ್ಲೇ, ತಮ್ಮ ರಿಮೋಟಿನಲ್ಲೇ ನೋಡಬೇಕಾಗಿತ್ತು. ಒಂದೇ ಆಟ, ಒಂದೇ ಪ್ಲೇಯರ್, ಎರಡು ಬೇರೆ ಬೇರೆ ಲಕ್ಷಣ. ಲಕ್ಷಣ ಬೇರೆಯಾದರೆ ಕಾರಣವೂ ಬೇರೆ ಎಂದು ತಿಳಿದು ಹೊರಟರೆ ಅರ್ಧ ಕೆಲಸ ಮುಗಿದಂತೆ. ಲಕ್ಷಣವನ್ನು ನೋಡದೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಾಯಿಸಿದರೆ, ಕೊನೆಗೆ ವೀಡಿಯೊ ಓಡಿದರೂ ಯಾವುದರಿಂದ ಓಡಿತೆಂದು ತಿಳಿಯುವುದಿಲ್ಲ. ಮುಂದಿನ ಮದುವೆಯ ಪೆನ್‌ಡ್ರೈವ್ ಬಂದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಪರೀಕ್ಷೆಯ ಪೆನ್‌ಡ್ರೈವ್

ಎಲ್ಲಕ್ಕಿಂತ ಮೊದಲು, ಖಂಡಿತವಾಗಿ ಓಡಲೇಬೇಕಾದ ಒಂದು ಪೆನ್‌ಡ್ರೈವನ್ನು ಸಿದ್ಧಮಾಡಿ ಇಟ್ಟುಕೊಳ್ಳಬೇಕು. 4 ಅಥವಾ 8 ಜಿಬಿಯ ಹಳೆಯ ಪೆನ್‌ಡ್ರೈವ್ ಇದಕ್ಕೆ ಸಾಕು, ಹಳೆಯದಾದಷ್ಟೂ ಒಳ್ಳೆಯದು. ಅದನ್ನು ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ ಮೂರೇ ಮೂರು ಫೈಲ್ ಹಾಕಬೇಕು: ಒಂದು ಎಂಪಿ3 ಹಾಡು, ಹಳೆಯ ವಿಸಿಡಿಯಿಂದ ತೆಗೆದ ಎಂಪೆಗ್-1 ವೀಡಿಯೊದ ಒಂದು ತುಣುಕು, 720×400 ಅಳತೆಯ, ಎಕ್ಸ್‌ವಿಡ್ ಎಂಬ ಬಗೆಯಲ್ಲಿ ಮಾಡಿದ ಒಂದು ಎವಿಐ ವೀಡಿಯೊ ತುಣುಕು. ಫೈಲುಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ಎಂಟು ಅಕ್ಷರ ಮೀರದಂತೆ ಇರಲಿ. ಫೋಲ್ಡರ್ ಬೇಡ.

ಈ ಮೂರೂ ಓಡಿದರೆ ಪ್ಲೇಯರ್ ನಿರ್ದೋಷಿ. ದೋಷ ಬಂದಿರುವ ಪೆನ್‌ಡ್ರೈವಿನಲ್ಲಿ ಅಥವಾ ಅದರೊಳಗಿನ ಫೈಲಿನಲ್ಲಿ ಇದೆ. ಹಾಡು ಓಡಿ ವೀಡಿಯೊಗಳು ಓಡದಿದ್ದರೆ ಆ ಪ್ಲೇಯರಿನ ಯುಎಸ್‌ಬಿ ಕಿಂಡಿ ಹಾಡಿಗೆ, ಫೋಟೊಗಳಿಗೆ ಮಾತ್ರ ಎಂದು ಅರ್ಥ. ಅಂತಹ ಮಾದರಿಗಳು ಇವೆ, ಅವುಗಳಲ್ಲಿ ವೀಡಿಯೊ ನೋಡುವ ಪ್ರಯತ್ನವನ್ನೇ ಬಿಡಬೇಕು. ಮೂರೂ ಕಾಣಿಸದಿದ್ದರೆ ಮಾತ್ರ ಪ್ಲೇಯರಿನ ಮೇಲೆ ಸಂಶಯ ಪಡಬಹುದು. ಹುಡುಗ ತಂದ ಪ್ಲೇಯರಿನಲ್ಲಿ ಮೂರೂ ಓಡಿದವು. ಮೂರು ನಿಮಿಷದ ಈ ಪರೀಕ್ಷೆಯನ್ನು ಮಾಡದೆ, ಪ್ಲೇಯರನ್ನು ಬಸ್ಸಿನಲ್ಲಿ ಹೊತ್ತು ಕಾಸರಗೋಡಿನವರೆಗೆ ಹೋಗಿ ಬಂದವರನ್ನು ನಾನು ಬಲ್ಲೆ.

ಪೆನ್‌ಡ್ರೈವ್ ಕಾಣಿಸುವುದೇ ಇಲ್ಲ

ಪರೀಕ್ಷೆಯ ಪೆನ್‌ಡ್ರೈವ್ ಕೂಡ ಕಾಣಿಸದಿದ್ದರೆ ಹೊರಗಿನಿಂದ ಒಳಗೆ ಹೋಗಬೇಕು. ಪ್ಲೇಯರಿನ ತಟ್ಟೆಯಲ್ಲಿ ಡಿಸ್ಕ್ ಇದ್ದರೆ ತೆಗೆಯಿರಿ. ಡಿಸ್ಕ್ ಇರುವಾಗ ಅದನ್ನೇ ಮೊದಲು ಓದುವ ಪ್ಲೇಯರುಗಳು ಬಹಳ. ರಿಮೋಟಿನಲ್ಲಿ ಯುಎಸ್‌ಬಿ ಎಂದು ಬರೆದ ಗುಂಡಿ ಇರುತ್ತದೆ, ಅದನ್ನು ಒತ್ತಿ ಹತ್ತು ಸೆಕೆಂಡ್ ಕಾಯಿರಿ. ಅಕ್ಷರ ಅಳಿಸಿಹೋದ ರಿಮೋಟುಗಳಲ್ಲಿ ಈ ಗುಂಡಿಯನ್ನು ಯಾರೂ ಒಮ್ಮೆಯೂ ಒತ್ತದಿರುವುದುಂಟು.

ಮುಂದಿನದು ಸಂಪರ್ಕ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ, ಯುಎಸ್‌ಬಿ ಕಿಂಡಿಯ ಒಳಗಿನ ನಾಲ್ಕು ತಗಡುಗಳಿಗೆ ಕಿಲುಬು ಹಿಡಿಯಲು ಎರಡು ಮಳೆಗಾಲ ಸಾಕು. ಟಾರ್ಚ್ ಬಿಟ್ಟು ನೋಡಿದರೆ ಹೊಳಪು ಹೋಗಿ ಕಂದು ಇಲ್ಲವೇ ಹಸಿರು ಬಣ್ಣ ಕಾಣುತ್ತದೆ. ಪ್ಲೇಯರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಒಂದು ಹಳೆಯ ಪೆನ್‌ಡ್ರೈವಿನ ಮೂತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹಚ್ಚಿ, ಹತ್ತು ಹದಿನೈದು ಬಾರಿ ಹಾಕಿ ತೆಗೆದು, ಅರ್ಧ ಗಂಟೆ ಒಣಗಲು ಬಿಡಬೇಕು. ತೆಂಗಿನೆಣ್ಣೆ ಬೇಡ. ಇದನ್ನು ಬರೆಯಬೇಕಾಗಿ ಬಂದದ್ದಕ್ಕೆ ಕಾರಣವಿದೆ.

ನಾಲ್ಕು ತಗಡುಗಳಲ್ಲಿ ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಪೆನ್‌ಡ್ರೈವಿನ ದೀಪ ಹೊತ್ತಿಯೂ ಪರದೆಯಲ್ಲಿ ಏನೂ ಬಾರದಿದ್ದರೆ ಕರೆಂಟು ಸಿಗುತ್ತಿದೆ, ಮಾಹಿತಿ ಸಾಗುತ್ತಿಲ್ಲ. ದೀಪವೇ ಹೊತ್ತದಿದ್ದರೆ ವೋಲ್ಟೇಜ್ ನೋಡಬೇಕು. ಪೆನ್‌ಡ್ರೈವಿನಂತೆಯೇ ಕಿಂಡಿಗೆ ಹಾಕುವ ಸಣ್ಣ ಯುಎಸ್‌ಬಿ ಮೀಟರ್ ಅಂಗಡಿಗಳಲ್ಲಿ ಸಿಗುತ್ತದೆ, ಅದು 4.75ರಿಂದ 5.25 ವೋಲ್ಟಿನ ಒಳಗೆ ತೋರಿಸಬೇಕು. ಖಾಲಿ ಇರುವಾಗ 5 ತೋರಿಸಿ, ಪೆನ್‌ಡ್ರೈವ್ ಹಾಕಿದೊಡನೆ 4.5ಕ್ಕಿಂತ ಕೆಳಗಿಳಿದರೆ ಅಥವಾ ಪ್ಲೇಯರೇ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡರೆ, ಒಳಗಿನ ಪವರ್ ಬೋರ್ಡಿನ ಕೆಪಾಸಿಟರುಗಳು ಉಬ್ಬಿರುವ ಸಾಧ್ಯತೆ ಹೆಚ್ಚು. ಅದು ಕೆಲವೇ ರೂಪಾಯಿಗಳ ಬಿಡಿಭಾಗ. ಆದರೆ ಪ್ಲಗ್ ಕಿತ್ತ ನಂತರವೂ ಆ ಬೋರ್ಡಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ; ಆದ್ದರಿಂದ ಮುಚ್ಚಳ ತೆಗೆಯುವ ಕೆಲಸವನ್ನು ಬಲ್ಲವರಿಗೆ ಬಿಡಬೇಕು.

ಹಾರ್ಡ್ ಡಿಸ್ಕ್ ಜೋಡಿಸಿ ಅದು ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾದರೆ ಬೇರೇನನ್ನೂ ಹುಡುಕಬೇಕಾಗಿಲ್ಲ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಕೇಳುವುದು ಅದಕ್ಕಿಂತ ಹೆಚ್ಚು. ಪ್ರತ್ಯೇಕ ಅಡಾಪ್ಟರ್ ಇರುವ ಹಾರ್ಡ್ ಡಿಸ್ಕ್ ಆಗಬಹುದು, ಇಲ್ಲವಾದರೆ ಪೆನ್‌ಡ್ರೈವೇ ಸರಿ.

ಪರೀಕ್ಷೆಯ ಪೆನ್‌ಡ್ರೈವ್ ಓಡಿ, ವೀಡಿಯೊದವರು ಕೊಟ್ಟದ್ದು ಮಾತ್ರ ಕಾಣಿಸದಿದ್ದರೆ, ಅಂದರೆ ಹುಡುಗನ 64 ಜಿಬಿಯ ಪೆನ್‌ಡ್ರೈವಿನ ಸ್ಥಿತಿಯಲ್ಲಿ, ನೋಡಬೇಕಾದದ್ದು ಅದರ ಫೈಲ್ ವ್ಯವಸ್ಥೆಯನ್ನು. ಅದನ್ನು ಕಂಪ್ಯೂಟರಿಗೆ ಹಾಕಿ, ಅದರ ಗುರುತಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಎಂಬುವುಗಳಲ್ಲಿ ಒಂದು ಕಾಣುತ್ತದೆ. ಹಳೆಯ ಡಿವಿಡಿ ಪ್ಲೇಯರುಗಳಿಗೆ ಸಾಮಾನ್ಯವಾಗಿ ಫ್ಯಾಟ್ ವರ್ಗದ್ದು ಮಾತ್ರ ಓದಲು ಬರುತ್ತದೆ. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವುಗಳು ಅಂಗಡಿಯಿಂದಲೇ ಎಕ್ಸ್‌ಫ್ಯಾಟ್ ಆಗಿ ಬರುವುದು ಸಾಮಾನ್ಯ. ಅವುಗಳನ್ನು ಫ್ಯಾಟ್32 ಮಾಡಲು ಹೊರಟರೆ ವಿಂಡೋಸಿನ ಎಂದಿನ ಫಾರ್ಮ್ಯಾಟ್ ಕಿಟಕಿಯಲ್ಲಿ ಆ ಆಯ್ಕೆಯೇ ಕಾಣಿಸದೆ ಜನ ತಬ್ಬಿಬ್ಬಾಗುತ್ತಾರೆ. ಅದಕ್ಕೆಂದೇ ಬೇರೆ ತಂತ್ರಾಂಶಗಳಿವೆ, ಆದರೆ 16 ಜಿಬಿಯ ಇನ್ನೊಂದು ಪೆನ್‌ಡ್ರೈವ್ ತೆಗೆದುಕೊಳ್ಳುವುದು ಅದಕ್ಕಿಂತ ಸುಲಭವೆಂಬುದು ನನ್ನ ಅಭಿಪ್ರಾಯ. ಮೂಲ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಲು ಎಂದೂ ಹೋಗಬಾರದು. ಆ ಆಟದ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದಿರಬಹುದು.

ಅಪರೂಪಕ್ಕೆ ಫ್ಯಾಟ್32 ಇದ್ದೂ ಕಾಣಿಸದ ಪೆನ್‌ಡ್ರೈವುಗಳಿವೆ. ಒಂದರಲ್ಲೇ ಎರಡು ಪಾರ್ಟಿಷನ್ (ವಿಭಾಗ) ಇದ್ದು ಪ್ಲೇಯರ್ ಮೊದಲನೆಯದನ್ನು ಮಾತ್ರ ನೋಡುವುದು ಒಂದು ಕಾರಣ. ಪಾರ್ಟಿಷನ್ ಪಟ್ಟಿ ಹಳೆಯ ಎಂಬಿಆರ್ ಕ್ರಮದ ಬದಲು ಹೊಸ ಜಿಪಿಟಿ ಕ್ರಮದಲ್ಲಿರುವುದು ಇನ್ನೊಂದು. ಯಾವತ್ತಾದರೂ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಬಳಸಿದ ಪೆನ್‌ಡ್ರೈವಾದರೆ ಮೊದಲು ಇದನ್ನೇ ಸಂಶಯಿಸಬೇಕು.

ಹೆಸರು ಕಾಣುತ್ತದೆ, ಫೈಲ್ ತೆರೆಯುವುದಿಲ್ಲ

ಬಹಳ ಮಂದಿ ಎಡವುವುದು ಇಲ್ಲಿ, ಮತ್ತು ಎಡವಿದ್ದು ಅವರ ತಪ್ಪೂ ಅಲ್ಲ. ಪ್ಲೇಯರಿನ ಪೆಟ್ಟಿಗೆಯ ಮೇಲೆ "ಎಂಪೆಗ್-4" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ವೀಡಿಯೊದವರು ಕೊಟ್ಟ ಫೈಲಿನ ಹೆಸರಿನ ಕೊನೆಯಲ್ಲಿ "ಎಂಪಿ4" ಎಂದು ಇರುತ್ತದೆ. ಎರಡೂ ಒಂದೇ ಎಂದು ಯಾರಾದರೂ ಭಾವಿಸಿಯಾರು. ಆದರೆ ಎಂಪೆಗ್-4 ಎಂಬುದು ಹಲವು ಭಾಗಗಳಿರುವ ಒಂದು ದೊಡ್ಡ ಮಾನಕ. 1999ರಲ್ಲಿ ಹೊರಬಂದ ಅದರ 2ನೆಯ ಭಾಗ ಡಿವ್‌ಎಕ್ಸ್, ಎಕ್ಸ್‌ವಿಡ್‌ಗಳ ಮೂಲ. ಡಿವಿಡಿ ಪ್ಲೇಯರಿನ ಚಿಪ್ಪಿಗೆ ಗೊತ್ತಿರುವುದು ಅದು. 2003ರ 10ನೆಯ ಭಾಗ ಎಚ್.264, ಇಂದಿನ ಕ್ಯಾಮೆರಾ, ಮೊಬೈಲುಗಳು ಹೆಚ್ಚಾಗಿ ಬಳಸುವುದು ಅದನ್ನು. 14ನೆಯ ಭಾಗ ಎಂಪಿ4 ಎಂಬ ಡಬ್ಬಿ. ಹೀಗೆ ಪೆಟ್ಟಿಗೆಯ ಮೇಲಿನ ಮಾತು ಸುಳ್ಳಲ್ಲ, ಫೈಲಿನ ಹೆಸರೂ ಸುಳ್ಳಲ್ಲ, ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಡಬ್ಬಿ ಬೇರೆ, ಒಳಗಿನ ಸರಕು ಬೇರೆ ಎಂಬುದನ್ನು ಬಿಡದೆ ನೆನಪಿಟ್ಟುಕೊಳ್ಳಬೇಕು. ಎವಿಐ, ಎಂಪಿ4, ಎಂಕೆವಿ ಇವೆಲ್ಲ ಡಬ್ಬಿಗಳು. ಹಪ್ಪಳದ ಡಬ್ಬಿಯಲ್ಲಿ ಸಂಡಿಗೆ ತುಂಬಿಸಿಟ್ಟ ಹಾಗೆ, ಎವಿಐ ಡಬ್ಬಿಯಲ್ಲಿ ಎಚ್.264 ಕೂಡ ಇರಬಹುದು. ಫೈಲಿನ ಹೆಸರಿನ ಬಾಲದಲ್ಲಿರುವ ಎಂಪಿ4 ಅಳಿಸಿ ಎವಿಐ ಎಂದು ಬರೆದರೆ ಓಡುತ್ತದೆಂಬ ಉಪಾಯವೊಂದು ಊರಿನಲ್ಲಿ ಚಾಲ್ತಿಯಲ್ಲಿದೆ. ಅದರಿಂದ ಡಬ್ಬಿಯ ಮೇಲಿನ ಚೀಟಿ ಬದಲಾಗುತ್ತದೆಯೇ ಹೊರತು ಡಬ್ಬಿಯೂ ಬದಲಾಗುವುದಿಲ್ಲ, ಸರಕೂ ಬದಲಾಗುವುದಿಲ್ಲ. ಈ ಉಪಾಯ ಫಲಿಸುವ ಒಂದು ಸಂದರ್ಭವಿದೆ: ಡಿವಿಡಿಯಿಂದ ಪ್ರತಿ ಮಾಡಿದ ವಿಒಬಿ ಫೈಲುಗಳಲ್ಲಿ ಇರುವುದು ಎಂಪೆಗ್-2 ಆದ್ದರಿಂದ, ಅವುಗಳ ಬಾಲವನ್ನು ಎಂಪಿಜಿ ಎಂದು ಬದಲಿಸಿದರೆ ಅನೇಕ ಪ್ಲೇಯರುಗಳು ಒಪ್ಪಿಕೊಳ್ಳುತ್ತವೆ. ಅಲ್ಲಿ ಚೀಟಿ ಮಾತ್ರವೇ ತೊಡಕಾಗಿತ್ತು.

ಒಳಗಿನ ಸರಕು ಏನೆಂದು ತಿಳಿಯಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ವಿಎಲ್‌ಸಿ ಇದ್ದರೆ ಅದರ ಕೋಡೆಕ್ (ಚಿತ್ರ, ಧ್ವನಿಯನ್ನು ಅಡಕ ಮಾಡಿದ ಬಗೆ) ಮಾಹಿತಿಯ ಕಿಟಕಿಯೂ ಆಗುತ್ತದೆ. ಅಲ್ಲಿ ಬರುವ ಉದ್ದದ ಪಟ್ಟಿಯಲ್ಲಿ ವೀಡಿಯೊದ ಬಗೆ, ಅಗಲ ಎತ್ತರ, ಸೆಕೆಂಡಿಗೆ ಚಿತ್ರಗಳ ಸಂಖ್ಯೆ, ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಮಾಹಿತಿಯ ಪ್ರಮಾಣ), ಧ್ವನಿಯ ಬಗೆ ಈ ಐದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. 64 ಜಿಬಿಯ ಪೆನ್‌ಡ್ರೈವಿನಲ್ಲಿ ಇದ್ದದ್ದು ಎಂಟು ಗಂಟೆಯ, 21 ಜಿಬಿಯ ಒಂದೇ ಒಂದು ಫೈಲ್: ಎಂಪಿ4 ಡಬ್ಬಿ, ಎಚ್.264, 1920×1080, ಧ್ವನಿ ಎಎಸಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲವಾದ್ದರಿಂದ, ವೀಡಿಯೊದವರು ಅದನ್ನು ಎಕ್ಸ್‌ಫ್ಯಾಟ್‌ನಲ್ಲಿ ಕೊಟ್ಟದ್ದು ಅನಿವಾರ್ಯವೇ ಆಗಿತ್ತು. ಬೆಂಗಳೂರಿನ ಅಣ್ಣ ತುಂಬಿಸಿದ 16 ಜಿಬಿಯದರಲ್ಲಿ ಇದ್ದದ್ದು ಎವಿಐ ಫೈಲುಗಳು. ಅವನು ಬಳಸಿದ ತಂತ್ರಾಂಶ ಡಬ್ಬಿಯನ್ನು ಎವಿಐ ಮಾಡಿತ್ತು, ಧ್ವನಿಯನ್ನು ಎಂಪಿ3 ಮಾಡಿತ್ತು, ಚಿತ್ರವನ್ನು ಮಾತ್ರ ಎಚ್.264 ಆಗಿಯೇ ಉಳಿಸಿತ್ತು. ಪ್ಲೇಯರ್ ಡಬ್ಬಿ ತೆರೆಯಿತು, ಧ್ವನಿ ಅದಕ್ಕೆ ತಿಳಿಯಿತು, ಚಿತ್ರ ತಿಳಿಯಲಿಲ್ಲ. ಚೆಂಡೆ ಕೇಳಿಸಿ ವೇಷ ಕಾಣಿಸದಿದ್ದುದು ಹೀಗೆ.

ಪರದೆಯ ಮೇಲೆ ಬರುವ ಮಾತುಗಳನ್ನೂ ಗಮನಿಸಬೇಕು. "ಅನ್‌ಸಪೋರ್ಟೆಡ್ ಫಾರ್ಮ್ಯಾಟ್" ಎಂದರೆ ಸಾಮಾನ್ಯವಾಗಿ ಡಬ್ಬಿಯ ಅಥವಾ ಕೋಡೆಕ್‌ನ ತೊಂದರೆ. "ರೆಸಲ್ಯೂಷನ್ ನಾಟ್ ಸಪೋರ್ಟೆಡ್" ಎಂದರೆ ಬಗೆ ಸರಿಯಿದ್ದು ಅಳತೆ ದೊಡ್ಡದಾಗಿದೆ. ಡಿವಿಡಿ ಪ್ಲೇಯರಿನ ಮಿತಿ ಸೆಕೆಂಡಿಗೆ 25 ಚಿತ್ರಗಳಾದರೆ 720×576, 30 ಚಿತ್ರಗಳಾದರೆ 720×480. ಎಚ್.264ನ್ನು ಬಿಡಿಸುವ ಕೆಲಸ ಚಿಪ್ಪಿನದು; ಚಿಪ್ಪಿನಲ್ಲಿ ಇಲ್ಲದ ವಿದ್ಯೆಯನ್ನು ಸಾಫ್ಟ್‌ವೇರ್ ಅಪ್‌ಡೇಟ್ ತಂದುಕೊಡುವುದಿಲ್ಲ. ಎಲ್ಲಿಂದಲೋ ಇಳಿಸಿಕೊಂಡ ಅಪ್‌ಡೇಟ್ ಫೈಲನ್ನು ಮಳೆಗಾಲದಲ್ಲಿ, ಯಾವ ಕ್ಷಣದಲ್ಲಿ ಕರೆಂಟು ಹೋದೀತೋ ತಿಳಿಯದ ಹೊತ್ತಿನಲ್ಲಿ ಹಾಕಲು ಹೋಗಿ, ಸರಿಯಿದ್ದ ಪ್ಲೇಯರನ್ನೂ ಕಳೆದುಕೊಳ್ಳುವುದು ಜಾಣತನವಲ್ಲ.

ಬ್ಲೂ-ರೇ ಪ್ಲೇಯರ್ ಇರುವವರಿಗೆ ಎಚ್.264ರ ಚಿಂತೆ ಇಲ್ಲ. ಅವರಿಗೆ ಕಾಡುವುದು ಎಚ್.265: ಮೊಬೈಲಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಹೈ ಎಫಿಶಿಯೆನ್ಸಿ ಎಂಬುದು ಆರಿಸಿದ್ದರೆ ಫೈಲು ಆ ಬಗೆಯಲ್ಲಿ ತಯಾರಾಗುತ್ತದೆ, 4ಕೆ ಬ್ಲೂ-ರೇ ಪ್ಲೇಯರಲ್ಲದವು ಸಾಮಾನ್ಯವಾಗಿ ಅದನ್ನು ಓಡಿಸುವುದಿಲ್ಲ. ಕಾರ್ಯಕ್ರಮಕ್ಕೆ ಮೊದಲೇ ಆ ಸೆಟ್ಟಿಂಗ್ ಬದಲಿಸಿಕೊಂಡರೆ ಮುಗಿಯಿತು.

ಚಿತ್ರ ಬಂದು ಧ್ವನಿ ಬಾರದಿರುವುದು ಇದರ ತಿರುಗು ರೂಪ. ಧ್ವನಿ ಎಎಸಿ ಅಥವಾ ಡಿಟಿಎಸ್ ಆಗಿದ್ದರೆ ಡಿವಿಡಿ ಪ್ಲೇಯರಿಗೆ ಅದು ತಿಳಿಯದಿರಬಹುದು. ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಎಂಪಿ3 ಮಾಡಿದರೆ ಸಾಕು, ಅದು ಕೆಲವೇ ನಿಮಿಷದ ಕೆಲಸ.

ಪುನಃ ರೂಪಿಸುವಾಗ ಇಡಬೇಕಾದ ಅಳತೆಗಳು

ಈ ಕೆಲಸಕ್ಕೆ ನಾನು ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ. ಹ್ಯಾಂಡ್‌ಬ್ರೇಕ್ ಜನಪ್ರಿಯವಾದರೂ ಅದು ಎವಿಐ ಮಾಡಿಕೊಡುವುದನ್ನು ಎಂದೋ ನಿಲ್ಲಿಸಿದೆ. ಯಾವ ತಂತ್ರಾಂಶವಾದರೂ ಕೇಳುವ ಪ್ರಶ್ನೆಗಳು ಒಂದೇ, ಅವುಗಳಿಗೆ ಕೊಡಬೇಕಾದ ಉತ್ತರಗಳು ಇವು. ಡಬ್ಬಿ ಎವಿಐ. ಚಿತ್ರ ಎಂಪೆಗ್-4ರ 2ನೆಯ ಭಾಗ, ಅಂದರೆ ಎಕ್ಸ್‌ವಿಡ್. ಅಳತೆ 720×400; ಅಗಲಪರದೆಯ ವೀಡಿಯೊವನ್ನು ಇದಕ್ಕೆ ಇಳಿಸಿದರೆ ಆಕಾರ ಕೆಡುವುದಿಲ್ಲ, ಎರಡು ಸಂಖ್ಯೆಗಳೂ 16ರಿಂದ ಭಾಗವಾಗುವುದರಿಂದ ಹಳೆಯ ಚಿಪ್ಪುಗಳಿಗೂ ತಕರಾರಿಲ್ಲ. ಚಿತ್ರದ ಬಿಟ್‌ರೇಟ್ 1500 ಕಿಲೋಬಿಟ್. ಧ್ವನಿ ಎಂಪಿ3, 192 ಕಿಲೋಬಿಟ್, ಅದೂ ಬದಲಾಗದ ದರದ್ದು; ಏರಿಳಿಯುವ ದರದ ಎಂಪಿ3ಯನ್ನು ಎವಿಐಯಲ್ಲಿಟ್ಟರೆ ಹೊತ್ತು ಕಳೆದ ಹಾಗೆ ಚೆಂಡೆಯ ಪೆಟ್ಟು ಒಂದು ಕಡೆ, ಕುಣಿತದ ಹೆಜ್ಜೆ ಇನ್ನೊಂದು ಕಡೆ ಆಗುವ ಸಂಭವವಿದೆ. ಮೊಬೈಲಿನಲ್ಲಿ ತೆಗೆದ ವೀಡಿಯೊದಲ್ಲಿ ಚಿತ್ರಗಳ ಸಂಖ್ಯೆಯೇ ಸೆಕೆಂಡಿನಿಂದ ಸೆಕೆಂಡಿಗೆ ಬದಲಾಗುತ್ತಿರುವುದರಿಂದ ಅದನ್ನೂ ಒಂದೇ ಸಂಖ್ಯೆಗೆ ನಿಲ್ಲಿಸಬೇಕು: ಮೂಲ 25 ಅಥವಾ 50 ಆಗಿದ್ದರೆ 25, 30ರ ಆಸುಪಾಸಿನಲ್ಲಿದ್ದರೆ 30.

ಇನ್ನೊಂದು ಸಣ್ಣ ಸಂಗತಿಯ ಮೇಲೆ ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ. ಎವಿಐ ಫೈಲಿನ ತಲೆಯಲ್ಲಿ, ಒಳಗಿನ ವೀಡಿಯೊ ಯಾವುದೆಂದು ಹೇಳುವ ನಾಲ್ಕಕ್ಷರದ ಒಂದು ಗುರುತು ಇರುತ್ತದೆ. ಎಫ್‌ಎಫ್‌ಎಂಪೆಗ್ ತಾನಾಗಿ ಬರೆಯುವುದು "ಎಫ್‌ಎಂಪಿ4" ಎಂದು. ಸರಕು ಸರಿಯಿದ್ದರೂ ಈ ಗುರುತನ್ನು ಕಂಡು, ಪರಿಚಯವಿಲ್ಲದವರನ್ನು ತಡಮೆಯಲ್ಲೇ ನಿಲ್ಲಿಸುವ ಹಾಗೆ, ಪ್ಲೇಯರ್ ಫೈಲನ್ನು ಹೊರಗಿಡುತ್ತದೆ. ಗುರುತನ್ನು "ಎಕ್ಸ್‌ವಿಐಡಿ" ಎಂದು ಬರೆಯುವಂತೆ ಮೊದಲೇ ಹೇಳಿಟ್ಟರೆ ಅದೇ ಫೈಲು ಓಡುತ್ತದೆ. ಕ್ವಾರ್ಟರ್ ಪಿಕ್ಸೆಲ್, ಗ್ಲೋಬಲ್ ಮೋಷನ್ ಕಾಂಪೆನ್ಸೇಶನ್ ಎಂಬ ಆಯ್ಕೆಗಳು ಕಂಡರೆ ಎರಡನ್ನೂ ಆಫ್ ಮಾಡಿಬಿಡಬೇಕು. ಅವುಗಳಿಂದ ಫೈಲು ತುಸು ಸಣ್ಣದಾದೀತು, ಆದರೆ ಬಹಳ ಪ್ಲೇಯರುಗಳು ಅವುಗಳನ್ನು ತಾಳುವುದಿಲ್ಲ. ಹಳೆಯ ಕ್ಯಾಮೆರಾದ ಇಂಟರ್‌ಲೇಸ್ಡ್ (ಗೆರೆ ಬಿಟ್ಟು ಗೆರೆ ತೆಗೆದ) ಚಿತ್ರೀಕರಣವಾದರೆ ಡೀಇಂಟರ್‌ಲೇಸ್ ಮಾಡದೆ, ಅಂದರೆ ಆ ಗೆರೆಗಳನ್ನು ಕೂಡಿಸದೆ, ಇಳಿಸಬಾರದು, ಧಿಗಿಣ ಹೊಡೆಯುವಾಗ ವೇಷದ ಅಂಚೆಲ್ಲ ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ.

ಈ ಅಳತೆಯಲ್ಲಿ ಒಂದು ಗಂಟೆಗೆ ಸುಮಾರು 760 ಎಂಬಿ ಆಗುತ್ತದೆ. ಎಂಟು ಗಂಟೆಯ ಆಟ 6 ಜಿಬಿಯ ಆಚೀಚೆ, ಅಂದರೆ ಒಂದೇ ಫೈಲ್ ಮಾಡಿದರೆ ಫ್ಯಾಟ್32ರ ಮಿತಿಯನ್ನು ದಾಟುತ್ತದೆ. 2 ಜಿಬಿ ಮೀರಿದ ಎವಿಐಯನ್ನೂ ಕೆಲವು ಪ್ಲೇಯರುಗಳು ಒಪ್ಪುವುದಿಲ್ಲ. ನಾನು 45 ನಿಮಿಷಕ್ಕೆ ಒಂದರಂತೆ ತುಂಡು ಮಾಡುತ್ತೇನೆ. ಹಿರಿಯರು ಅರ್ಧದಲ್ಲಿ ನಿದ್ದೆ ಹೋದರೆ ಮರುದಿನ ಎಲ್ಲಿಂದ ನೋಡಬೇಕೆಂದು ಹುಡುಕಲೂ ಅನುಕೂಲ.

ಓಡುತ್ತದೆ, ಆದರೆ ತಡೆದು ತಡೆದು ಓಡುತ್ತದೆ

ಆರಂಭದಿಂದಲೇ ಒಂದೇ ಸಮನೆ ಎಡವುತ್ತಿದ್ದರೆ ಬಿಟ್‌ರೇಟ್ ನೋಡಬೇಕು. ಹಲವು ಪ್ಲೇಯರುಗಳ ಯುಎಸ್‌ಬಿ ಕಿಂಡಿ ಹಳೆಯ 1.1 ವೇಗದ್ದು: ಕಾಗದದ ಮೇಲೆ ಸೆಕೆಂಡಿಗೆ 12 ಮೆಗಾಬಿಟ್, ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಡಿವಿಡಿಯ ಚಿತ್ರ 9.8 ಮೆಗಾಬಿಟ್‌ವರೆಗೆ ಹೋಗಬಹುದಾದ್ದರಿಂದ, ಡಿಸ್ಕಿನಲ್ಲಿ ಸರಾಗವಾಗಿ ಓಡಿದ ಅದೇ ವಿಒಬಿ ಫೈಲು ಪೆನ್‌ಡ್ರೈವಿನಿಂದ ಎಡವುವುದರಲ್ಲಿ ಆಶ್ಚರ್ಯವಿಲ್ಲ.

ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುವುದಾದರೆ ಮಾತು ಬೇರೆ. ಅದೇ ಫೈಲನ್ನು ಕಂಪ್ಯೂಟರಿನಲ್ಲಿ ಅದೇ ಪೆನ್‌ಡ್ರೈವಿನಿಂದ ಓಡಿಸಿ ನೋಡಿ. ಅಲ್ಲಿಯೂ ನಿಂತರೆ ಪ್ರತಿ ಸರಿಯಾಗಿ ಆಗಿಲ್ಲ. ಪ್ರತಿ ಮುಗಿಯಿತೆಂದು ಕಂಪ್ಯೂಟರ್ ಹೇಳಿದ ಮೇಲೂ ಬರೆಯುವ ಕೆಲಸ ಹಿಂದಿನಿಂದ ನಡೆಯುತ್ತಿರಬಹುದು. ಇಜೆಕ್ಟ್ ಕೊಡದೆ ಎಳೆದು ತೆಗೆದರೆ ಬಾಲ ಕತ್ತರಿಸಿ ಹೋಗುತ್ತದೆ. ಎವಿಐ ಫೈಲಿನಲ್ಲಿ ಬಾಲ ಹೋಯಿತೆಂದರೆ ಅದರ ಸೂಚಿಯೇ ಹೋದ ಹಾಗೆ: ಫೈಲು ಓಡೀತು, ಆದರೆ ಮುಂದಕ್ಕೆ ಹಾರಿಸಲು ರಿಮೋಟ್ ಒತ್ತಿದರೆ ಅಲುಗುವುದಿಲ್ಲ.

ಮೊದಲ ಕೆಲವು ಫೈಲುಗಳು ಚೆನ್ನಾಗಿ ಓಡಿ, ನಂತರದವೆಲ್ಲ ಒಂದೂ ಬಿಡದೆ ಕೆಟ್ಟಿದ್ದರೆ ಪೆನ್‌ಡ್ರೈವೇ ನಕಲಿಯಾಗಿರಬಹುದು. ಜಾತ್ರೆಯ ಸಂತೆಯಲ್ಲೂ, ಆನ್‌ಲೈನಿನಲ್ಲೂ ಅಗ್ಗಕ್ಕೆ ಸಿಗುವ 1 ಟಿಬಿ ಪೆನ್‌ಡ್ರೈವುಗಳಲ್ಲಿ ನಿಜವಾದ ಜಾಗ 8 ಜಿಬಿಯೋ 16 ಜಿಬಿಯೋ ಇರುವುದುಂಟು. ಒಳಗಿನ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಜಾಗ ತುಂಬಿದ ಮೇಲೂ ಅದು ಬೇಡವೆನ್ನದೆ ಬರೆಸಿಕೊಳ್ಳುತ್ತದೆ, ಫೈಲುಗಳ ಹೆಸರುಗಳನ್ನೂ ಸರಿಯಾಗಿ ತೋರಿಸುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶ ಪೆನ್‌ಡ್ರೈವನ್ನು ಪೂರ್ತಿ ತುಂಬಿಸಿ ತಿರುಗಿ ಓದಿ ಇದನ್ನು ಬಯಲು ಮಾಡುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಚ್ಚಿಟ್ಟು ಮಲಗುವುದು ಒಳ್ಳೆಯದು. ಕೆಟ್ಟ ಫೈಲುಗಳನ್ನು ಅಂತಹ ಪೆನ್‌ಡ್ರೈವಿನಿಂದ ಮರಳಿ ಪಡೆಯುವ ದಾರಿ ಇಲ್ಲ, ಅವು ಎಂದೂ ಅಲ್ಲಿ ಬರೆಯಲ್ಪಟ್ಟಿರುವುದೇ ಇಲ್ಲ.

ಹೆಸರು ಮತ್ತು ಅನುಕ್ರಮ

ಕನ್ನಡದಲ್ಲಿ ಬರೆದ ಫೈಲ್ ಹೆಸರುಗಳನ್ನು ಹಳೆಯ ಪ್ಲೇಯರುಗಳು ಗೆರೆ, ಚೌಕ, ಪ್ರಶ್ನೆಚಿಹ್ನೆಗಳಾಗಿ ತೋರಿಸುತ್ತವೆ. ಕೆಲವಂತೂ ತೆರೆಯುವುದೂ ಇಲ್ಲ. ಸಂಕಟವಾದರೂ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಆಪಲ್ ಕಂಪ್ಯೂಟರಿನಿಂದ ಪ್ರತಿ ಮಾಡಿದ ಪೆನ್‌ಡ್ರೈವಿನಲ್ಲಿ ಪ್ರತಿ ಫೈಲಿಗೂ ಒಂದು ಜೋಡಿ ಕಾಣಬಹುದು, ಚುಕ್ಕಿ ಮತ್ತು ಅಡಿಗೆರೆಯಿಂದ ಆರಂಭವಾಗುವ ಆ ಪುಟ್ಟ ಫೈಲು ಓಡದಿದ್ದರೆ ಗಾಬರಿ ಬೇಡ, ಅದು ವೀಡಿಯೊವೇ ಅಲ್ಲ.

ಹುಡುಗನ ಆಟವನ್ನು ನಾನು ಮೇಲೆ ಹೇಳಿದ ಅಳತೆಗಳಲ್ಲಿ ರೂಪಿಸಿ, ಹನ್ನೊಂದು ತುಂಡು ಮಾಡಿ, ಒಂದರಿಂದ ಹನ್ನೊಂದರವರೆಗೆ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಕಳಿಸಿದೆ. ಚಿತ್ರವೂ ಬಂತು, ಚೆಂಡೆಯೂ ಕೇಳಿಸಿತು. ಮರುದಿನ ಅಜ್ಜನ ಫೋನ್. "ಎಲ್ಲ ಚಂದ ಬರ್ತದೆ. ಆದರೆ ಪೂರ್ವರಂಗ ಆದ ಕೂಡಲೇ ಭಾಗವತರು ಮಂಗಳ ಹಾಡಿದರಲ್ಲ, ಅದು ಹೇಗೆ?" ಎಂದರು. ತಪ್ಪು ನನ್ನದು. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುವ ಪ್ಲೇಯರಿಗೆ 1ರ ನಂತರ ಬರುವುದು 10, 11, ಆಮೇಲೆ 2. ಸಂಖ್ಯೆಗಳನ್ನು 01, 02 ಎಂದು ಎರಡಂಕಿಯಲ್ಲಿ ಬರೆಯಬೇಕಾಗಿತ್ತು. ಹೆಸರನ್ನು ನೋಡದೆ, ಪೆನ್‌ಡ್ರೈವಿಗೆ ಬಂದ ಸರದಿಯಂತೆಯೇ ಓಡಿಸುವ ಪ್ಲೇಯರುಗಳೂ ಇರುವುದರಿಂದ, ಎಲ್ಲವನ್ನೂ ಒಟ್ಟಿಗೆ ಹಾಕದೆ ಒಂದೊಂದಾಗಿ ಕ್ರಮದಲ್ಲಿ ಪ್ರತಿ ಮಾಡುವುದು ಕ್ಷೇಮ. ಹುಡುಗ ಸಂಜೆ ಪುನಃ ಬಂದ. ಪೆನ್‌ಡ್ರೈವನ್ನು ಖಾಲಿ ಮಾಡಿ, ಹೆಸರು ತಿದ್ದಿ, ಹನ್ನೊಂದನ್ನೂ ಒಂದರ ಹಿಂದೆ ಒಂದರಂತೆ ತುಂಬಿಸಿ ಕೊಟ್ಟೆ.